ಬೆಳಗದ ಎಲೆ ಬಿಲ್ಲೆ: ದೋಷ ಗ್ರಾಹಕದಲ್ಲೋ, ಪ್ಲೇಟಿನಲ್ಲೋ?

ಬ್ಯಾಕ್ಟೀರಿಯಾ ಬಂದದ್ದನ್ನು ಗಿಡದ ಗ್ರಾಹಕ, ಅಂದರೆ ಅದನ್ನು ಹಿಡಿದು ಗುರುತಿಸುವ ಪ್ರೋಟೀನು, ಕಂಡುಕೊಂಡಿತೇ ಎಂದು ಬೆಳಕು ಅಳೆದು ತಿಳಿಯುವ ಪರೀಕ್ಷೆ ಇದು. ಅದು ಕೈಕೊಟ್ಟಾಗಿನ ಲಕ್ಷಣ ಇಷ್ಟೇ. 96 ಗುಂಡಿಗಳ ಬಿಳಿ ಪ್ಲೇಟು, ಗುಂಡಿಗೊಂದು ಅರಬಿಡಾಪ್ಸಿಸ್ (ಲ್ಯಾಬುಗಳಲ್ಲಿ ಬೆಳೆಸುವ, ಸಾಸಿವೆ ಕುಟುಂಬದ ಪುಟ್ಟ ಗಿಡ) ಎಲೆಯ ಬಿಲ್ಲೆ, ಮೇಲೆ ಲ್ಯುಮಿನಾಲ್ ಮತ್ತು ಪೆರಾಕ್ಸಿಡೇಸ್ ಬೆರೆಸಿದ ದ್ರಾವಣ. ಅದಕ್ಕೆ 100 ನ್ಯಾನೊಮೋಲಾರ್ ಎಫ್‌ಎಲ್‌ಜಿ22 ಎಂಬ ಪೆಪ್ಟೈಡ್ (ಬ್ಯಾಕ್ಟೀರಿಯಾ ಪ್ರೋಟೀನಿನ ಒಂದು ತುಂಡು) ಹಾಕಿ, ಬೆಳಕು ಅಳೆಯುವ ಪ್ಲೇಟ್ ರೀಡರ್ ಒಳಗೆ ತಳ್ಳಿದ್ದೀರಿ. 40 ನಿಮಿಷ ಕಳೆದರೂ ಪರದೆಯ ಮೇಲಿನ ಗೆರೆ ಮಲಗಿದಲ್ಲೇ ಮಲಗಿದೆ. ಬರೀ ನೀರು ಹಾಕಿದ ಗುಂಡಿಗೂ ಪೆಪ್ಟೈಡ್ ಹಾಕಿದ ಗುಂಡಿಗೂ ವ್ಯತ್ಯಾಸವೇ ಇಲ್ಲ. ನಮ್ಮ ಲ್ಯಾಬಿನಲ್ಲಿ ಈ ದೋಷಕ್ಕೆ "ಅಕ್ಕಾ, ಮತ್ತೆ ಸೊನ್ನೆ" ಎಂದೇ ಹೆಸರು. ಹೊಸದಾಗಿ ಸೇರಿದವರು ನನ್ನ ಟೇಬಲ್ಲಿಗೆ ಬಂದು ಹೇಳುವ ಮೊದಲ ಮಾತು ಅದು. ಎರಡನೆಯ ಮಾತು, "ಪೆಪ್ಟೈಡ್ ಹಾಳಾಗಿದೆ ಅನ್ಸುತ್ತೆ."

ನಾನು ಕಂಡಂತೆ ಪೆಪ್ಟೈಡ್ ಹಾಳಾಗಿರುವುದು ಅಪರೂಪ. ಆದರೆ ಅದು ದುಬಾರಿ ಸಾಮಾನು, ಕಣ್ಣಿಗೆ ಕಾಣದ್ದು, ಬೇರೆಯವರು ಮಾಡಿ ಕಳಿಸಿದ್ದು. ತಪ್ಪು ಹೊರಿಸಲು ಅದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಅದನ್ನು ಕಟ್ಟಕಡೆಗೆ ಅನುಮಾನಿಸಿ ಎನ್ನುವುದೇ ಈ ಬರಹ.

ಸರಿಯಿದ್ದರೆ ಏನಾಗಬೇಕು

ಪೆಪ್ಟೈಡ್ ಬಿದ್ದ ಮೇಲೆ ಎರಡು ಮೂರು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ಗೆರೆ ಏಳತೊಡಗುತ್ತದೆ, 10ರಿಂದ 15ನೇ ನಿಮಿಷದ ಹೊತ್ತಿಗೆ ತುದಿ ಮುಟ್ಟುತ್ತದೆ, ಅರ್ಧ ಗಂಟೆ ದಾಟುವಾಗ ಬಹುಪಾಲು ಇಳಿದಿರುತ್ತದೆ. ಈ ಗುಡ್ಡದ ಆಕಾರ ಮನಸ್ಸಿನಲ್ಲಿರಲಿ. ಹಾಕಿದ ಕ್ಷಣವೇ ನೆಟ್ಟಗೆ ಹಾರುವ ಗೆರೆ ಗಿಡದ್ದಲ್ಲ, ರಾಸಾಯನಿಕದ್ದು.

ಆ ಎರಡು ಮೂರು ನಿಮಿಷಗಳಲ್ಲಿ ಎಲೆಯೊಳಗೆ ನಡೆಯುವುದು ಬಹಳ. ಬ್ಯಾಕ್ಟೀರಿಯಾ ಈಜುವುದು ಕಶಾಂಗದಿಂದ. ಕಶಾಂಗ ಕಟ್ಟಿರುವುದು ಫ್ಲ್ಯಾಜೆಲಿನ್ ಎಂಬ ಪ್ರೋಟೀನಿನಿಂದ. ಆ ಪ್ರೋಟೀನಿನ ಆರಂಭದ ಕಡೆಯ 22 ಅಮೈನೊ ಆಮ್ಲಗಳ ತುಂಡನ್ನು ಬದಲಿಸಹೊರಟರೆ ಬ್ಯಾಕ್ಟೀರಿಯಾಕ್ಕೆ ಈಜುವುದೇ ಕಷ್ಟ, ಹಾಗಾಗಿ ಬಗೆಬಗೆಯ ಬ್ಯಾಕ್ಟೀರಿಯಾಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ ಥರ ಉಳಿದುಬಂದಿದೆ. ಗಿಡ ಗುರುತಿಟ್ಟುಕೊಂಡಿರುವುದೂ ಅದನ್ನೇ, ನಾವು ಹಾಕುವ ಎಫ್‌ಎಲ್‌ಜಿ22 ಅದೇ ತುಂಡು. 1999ರಲ್ಲಿ ಗೇಯೊರ್ಗ್ ಫೆಲಿಕ್ಸ್, ಥಾಮಸ್ ಬೋಲರ್ ಮತ್ತು ಜೊತೆಗಾರರು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಈ ತುಂಡನ್ನು ತೋರಿಸಿಕೊಟ್ಟರು. ಮರುವರ್ಷವೇ ಲೂರ್ಡೆಸ್ ಗೋಮೆಜ್-ಗೋಮೆಜ್ ಮತ್ತು ಬೋಲರ್ ಅದನ್ನು ಹಿಡಿಯುವ ಗ್ರಾಹಕದ ಜೀನನ್ನು ಪತ್ತೆ ಹಚ್ಚಿದರು: ಎಫ್‌ಎಲ್‌ಎಸ್2.

ಈ ಗ್ರಾಹಕ ಕೋಶಪೊರೆಯನ್ನು ತೂರಿ ನಿಂತಿದೆ. ಹೊರಗಡೆ ಲ್ಯೂಸಿನ್ ತುಂಬಿದ 28 ಮಡಿಕೆಗಳ ಸುರುಳಿ, ಒಳಗಡೆ ಒಂದು ಕೈನೇಸ್, ಅಂದರೆ ಫಾಸ್ಫೇಟ್ ಅಂಟಿಸುವ ಕಿಣ್ವ. ಪೆಪ್ಟೈಡ್ ಬಂದು ಸುರುಳಿಯ ಒಳಬಾಗಿನಲ್ಲಿ ಉದ್ದಕ್ಕೆ ಮಲಗುತ್ತದೆ. ಅದರ ಬಾಲದ ತುದಿಗೆ ಬಿಎಕೆ1 ಎಂಬ ಜೊತೆಗ್ರಾಹಕ ಬಂದು ಅಂಟಿಕೊಳ್ಳುತ್ತದೆ. ಎರಡು ರೊಟ್ಟಿಗಳ ನಡುವೆ ಚಟ್ನಿಯಂತೆ ಪೆಪ್ಟೈಡ್ ಇವೆರಡನ್ನೂ ಕೂಡಿಸುವುದನ್ನು 2013ರ ಸ್ಫಟಿಕ ರಚನೆ ತೋರಿಸಿತು. ಹೊರಗೆ ಕೂಡಿದರೆ ಒಳಗಿನ ಕೈನೇಸ್‌ಗಳೂ ಹತ್ತಿರವಾಗುತ್ತವೆ, ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಳ್ಳುತ್ತವೆ. ಪಕ್ಕದಲ್ಲೇ ಕಾದಿದ್ದ ಬಿಐಕೆ1 ಎಂಬ ಇನ್ನೊಂದು ಕೈನೇಸ್ ಚುರುಕಾಗಿ ಹೋಗಿ ಆರ್‌ಬಿಒಎಚ್‌ಡಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಅದು ಒಳಗಿನ ಎಲೆಕ್ಟ್ರಾನನ್ನು ಪೊರೆಯಾಚೆಗಿನ ಆಮ್ಲಜನಕಕ್ಕೆ ದಾಟಿಸಿ ಸೂಪರಾಕ್ಸೈಡ್ ಮಾಡುತ್ತದೆ, ಸೂಪರಾಕ್ಸೈಡ್ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ನಾವು ಹಾಕಿದ ಪೆರಾಕ್ಸಿಡೇಸ್ ಆ ಪೆರಾಕ್ಸೈಡನ್ನು ಬಳಸಿ ಲ್ಯುಮಿನಾಲನ್ನು ಉತ್ಕರ್ಷಿಸಿದಾಗ ಮಂದ ನೀಲಿ ಬೆಳಕು ಬರುತ್ತದೆ. ನಾವು ಅಳೆಯುವುದು ಈ ಕೊನೆಯ ಬೆಳಕನ್ನು ಮಾತ್ರ. ಗ್ರಾಹಕ ಇಲ್ಲಿಂದ ಏಳು ಮೆಟ್ಟಿಲು ದೂರ.

ತೋಟದಲ್ಲಿ ಮೋಟಾರು ಹಾಕಿದರೂ ಕೊನೆಯ ಗಿಡಕ್ಕೆ ನೀರು ಬರಲಿಲ್ಲ ಅಂದರೆ ಯಾರೂ ಮೊದಲು ಬೋರ್‌ವೆಲ್‌ನಿಂದ ಪಂಪ್ ಎತ್ತಿಸುವುದಿಲ್ಲ. ಡ್ರಿಪ್ಪರ್ ಬಿಚ್ಚಿ ಊದಿ ನೋಡುತ್ತಾರೆ, ಆಮೇಲೆ ಪೈಪು, ಫಿಲ್ಟರು, ಸ್ಟಾರ್ಟರು. ಇಲ್ಲೂ ಬೆಳಕಿನ ತುದಿಯಿಂದ ಹಿಂದಕ್ಕೆ ಹೋಗಬೇಕು.

ಮೊದಲು ಎಲೆಯೇ ಇಲ್ಲದೆ

ಖಾಲಿ ಗುಂಡಿಗೆ ಲ್ಯುಮಿನಾಲ್, ಪೆರಾಕ್ಸಿಡೇಸ್ ದ್ರಾವಣ ಹಾಕಿ. ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುತ್ತಾರಲ್ಲ, ಅದೇ ಹೈಡ್ರೋಜನ್ ಪೆರಾಕ್ಸೈಡನ್ನು ಸಾವಿರ ಪಟ್ಟು ತೆಳು ಮಾಡಿ ಎರಡು ಮೈಕ್ರೊಲೀಟರ್ ಬಿಡಿ. ಗೆರೆ ತಕ್ಷಣ ಹಾರಬೇಕು. ಹಾರಿದರೆ ಯಂತ್ರ, ಲ್ಯುಮಿನಾಲ್, ಪೆರಾಕ್ಸಿಡೇಸ್ ಮೂರೂ ಸರಿ. ಐದು ನಿಮಿಷದ ಕೆಲಸ, ಆದರೂ ಇದನ್ನು ಮಾಡದೆ ತಿಂಗಳುಗಟ್ಟಲೆ ಕಳೆದವರನ್ನು ನೋಡಿದ್ದೇನೆ.

ಹಾರದಿದ್ದರೆ ಸಂತೋಷಪಡಿ, ದೋಷ ಅಗ್ಗದ ಕಡೆ ಇದೆ. ರೀಡರ್ ಹೊಳಪು ಅಳೆಯುವ ಕ್ರಮದಲ್ಲಿದೆಯೇ, ಹಿಂದಿನವರು ಪ್ರತಿದೀಪ್ತಿಗೆ ಹಾಕಿದ್ದ ಫಿಲ್ಟರ್ ಹಾಗೇ ಅಡ್ಡ ಕೂತಿದೆಯೇ ನೋಡಿ. ಪ್ಲೇಟು ಕಪ್ಪಾಗಿದ್ದರೆ ಬೆಳಕನ್ನು ಅದೇ ನುಂಗುತ್ತದೆ. ಪಾರದರ್ಶಕವಾಗಿದ್ದರೆ ಒಂದು ಗುಂಡಿಯ ಬೆಳಕು ಪಕ್ಕದ್ದಕ್ಕೆ ಸೋರುತ್ತದೆ. ಲ್ಯುಮಿನಾಲ್ ಸ್ಟಾಕನ್ನು ಫಾಯಿಲ್ ಸುತ್ತದೆ ಟೇಬಲ್ ಮೇಲೆ ಬಿಟ್ಟಿದ್ದರೆ ಚೆಲ್ಲಿ ಹೊಸದು ಮಾಡಿ. ನಾವು ಬಳಸುವುದು ಮಿಲಿಲೀಟರಿಗೆ 34 ಮೈಕ್ರೊಗ್ರಾಂ ಲ್ಯುಮಿನಾಲ್, 20 ಮೈಕ್ರೊಗ್ರಾಂ ಪೆರಾಕ್ಸಿಡೇಸ್.

ಒಮ್ಮೆ ನಮಗೆ ಕೈಕೊಟ್ಟದ್ದು ಸೋಡಿಯಂ ಅಜೈಡ್. ಫ್ರಿಜ್ಜಿನಲ್ಲಿದ್ದ ಬಫರಿಗೆ ಬೂಷ್ಟು ಬಾರದಿರಲೆಂದು ಯಾರೋ ಹಾಕಿದ್ದರು, ಬಾಟಲಿಯ ಮೇಲೆ ಬರೆದೂ ಇದ್ದರು, ಓದಿದವರಿಲ್ಲ. ಅಜೈಡ್ ಪೆರಾಕ್ಸಿಡೇಸನ್ನು ನಿಷ್ಕ್ರಿಯಗೊಳಿಸುತ್ತದೆ. ಎಲೆ ಬೇಕಾದಷ್ಟು ಪೆರಾಕ್ಸೈಡ್ ಸುರಿಸಿತ್ತು ಅನ್ನಿ, ಅದನ್ನು ಬೆಳಕಾಗಿಸುವವರೇ ಸತ್ತಿದ್ದರು.

ಎಲೆ ಕುಯ್ಯುವ ಕೈ

ರಸಾಯನ ಸರಿಯಿದ್ದೂ ಬಿಲ್ಲೆ ಬೆಳಗದಿದ್ದರೆ, ಜೀನ್ ಗೀನ್ ಎನ್ನುವ ಮೊದಲು ಗಿಡದ ಮುಂದೆ ಹೋಗಿ ಕುಕ್ಕುರುಗಾಲಲ್ಲಿ ಕೂತು ನೋಡಿ. ನಾಲ್ಕೈದು ವಾರದ, ದಿನಕ್ಕೆ 8ರಿಂದ 10 ಗಂಟೆ ಬೆಳಕು ಕಂಡ, ಇನ್ನೂ ಹೂಕಾಂಡ ಬಿಡದ ಗಿಡ ಬೇಕು. ಹೂ ಬಿಟ್ಟ ಗಿಡದ ಎಲೆ ದಂಡ. ತೀರಾ ಎಳೆಯದೂ ಬೇಡ, ಕೆಳಗಿನ ಮುದಿ ಎಲೆಯೂ ಬೇಡ, ನಡುವಿನವು. ಥ್ರಿಪ್ಸ್ ಕೆರೆದ ಬೆಳ್ಳಿ ಗೀಟು ಕಂಡರೆ ಆ ಟ್ರೇಯನ್ನೇ ಬಿಡಿ.

ಕೊರೆಯುವ ಕೊಳವೆ 4 ಮಿಲಿಮೀಟರಿನದು, ಮೊಂಡಾಗಿರಬಾರದು. ಮೊಂಡು ಕೊಳವೆ ಎಲೆಯನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಅಂಚು ಕಡು ಹಸಿರಾಗಿ ನೀರು ಕುಡಿದಂತೆ ಕಾಣುತ್ತದೆ. ನಡುನರ ತಪ್ಪಿಸಿ ಒತ್ತಿ, ತಿರುಗಿಸಿ, ಬಿಲ್ಲೆಯನ್ನು ಚಿಮುಟದಿಂದ ಹಿಡಿಯದೆ ಬ್ರಷ್ಷಿನ ತುದಿಯಿಂದ ಎತ್ತಿ ನೀರಿನ ಮೇಲೆ ತೇಲಿಬಿಡಿ. ಎಲೆಯ ಮೇಲ್ಬದಿ ಮೇಲೇ ಇರಲಿ. ಮುಳುಗಿದ ಬಿಲ್ಲೆ ಮುಳುಗಿದಂತೆಯೇ ಲೆಕ್ಕ.

ರಾತ್ರಿಯಿಡೀ ತೇಲಿಸುವುದು ಶಾಸ್ತ್ರಕ್ಕಲ್ಲ. ಕುಯ್ದ ಗಾಯಕ್ಕೂ ಎಲೆ ಪೆರಾಕ್ಸೈಡ್ ಬಿಡುತ್ತದೆ, ಅದು ತಣ್ಣಗಾಗಬೇಕು. ಆದರೆ ಈ ರಾತ್ರಿಯಲ್ಲೇ ಇನ್ನೊಂದು ಹೊಂಚೂ ಇದೆ. ಪೆಪ್ಟೈಡ್ ಅದ್ದಿದ ಟಿಪ್ಪನ್ನೇ ನೀರಿನ ತೊಟ್ಟಿಗೆ ಅದ್ದಿದ್ದರೆ ಆ ನೀರಲ್ಲಿ ಚೂರು ಎಫ್‌ಎಲ್‌ಜಿ22 ಉಳಿದಿರುತ್ತದೆ, ಮತ್ತು ಗಿಡಕ್ಕೆ ನ್ಯಾನೊಮೋಲಾರ್ ಮಟ್ಟವೇ ಸಾಕು. ಪೆಪ್ಟೈಡ್ ಹಿಡಿದ ಎಫ್‌ಎಲ್‌ಎಸ್2ವನ್ನು ಜೀವಕೋಶ ಒಳಕ್ಕೆಳೆದು ಒಡೆದುಹಾಕುತ್ತದೆ. 2006ರಲ್ಲಿ ಸಿಲ್ಕೆ ರೊಬಾಟ್‌ಜೆಕ್ ಮತ್ತು ಜೊತೆಗಾರರು ಹೊಳೆಯುವ ಗುರುತು ಕಟ್ಟಿದ ಗ್ರಾಹಕ ಒಳಗೆ ಜಾರುವುದನ್ನು ಸೂಕ್ಷ್ಮದರ್ಶಕದಲ್ಲೇ ನೋಡಿದ್ದಾರೆ. ಹೊಸ ಗ್ರಾಹಕ ತಯಾರಾಗುವ ತನಕ ಆ ಬಿಲ್ಲೆ ಎಫ್‌ಎಲ್‌ಜಿ22ಗೆ ಕಿವುಡು. ರಾತ್ರಿ ಯಾರೂ ನೋಡದಾಗ ಬೆಳಗಿ ಮುಗಿಸಿದೆ, ಬೆಳಗ್ಗೆ ನೀವು ಕೇಳಿದರೆ ಎಲ್ಲಿಂದ ಕೊಟ್ಟೀತು?

ಮೂರು ಬಾಗಿಲು ತಟ್ಟುವ ಪರೀಕ್ಷೆ

ಇಷ್ಟೂ ಸರಿ ಎಂದಾದ ಮೇಲೆ ಗ್ರಾಹಕದ ಕಡೆ ತಿರುಗಬಹುದು. ಇಲ್ಲಿ ನನಗೆ ಅತಿ ಪ್ರಿಯವಾದ ಉಪಾಯವಿದೆ. ಒಂದೇ ಗಿಡದ ಬಿಲ್ಲೆಗಳಿಗೆ ಎಫ್‌ಎಲ್‌ಜಿ22, ಇಎಲ್‌ಎಫ್18, ಕೈಟಿನ್ ಮೂರನ್ನೂ ಬೇರೆ ಬೇರೆಯಾಗಿ ಹಾಕಿ, ಒಂದೊಂದಕ್ಕೂ ಕನಿಷ್ಠ 12 ಬಿಲ್ಲೆ.

ಇಎಲ್‌ಎಫ್18 ಬ್ಯಾಕ್ಟೀರಿಯಾದ ಇನ್ನೊಂದು ಪ್ರೋಟೀನಿನ ತುಂಡು, ಅದನ್ನು ಹಿಡಿಯುವುದು ಇಎಫ್‌ಆರ್ ಎಂಬ ಗ್ರಾಹಕ. ಕೈಟಿನ್ ಶಿಲೀಂಧ್ರದ ಗೋಡೆಯದು, ಅದಕ್ಕೆ ಸಿಇಆರ್‌ಕೆ1 ಇರುವ ಬೇರೆಯೇ ತಂಡ. ಬಾಗಿಲು ಮೂರು, ಒಳಗಿನ ಹಜಾರ ಒಂದೇ: ಮೂರೂ ಕೊನೆಗೆ ಬಿಐಕೆ1 ಮೂಲಕ ಆರ್‌ಬಿಒಎಚ್‌ಡಿಗೇ ಬರುತ್ತವೆ. ಬಿಎಕೆ1 ಮಾತ್ರ ಮೊದಲೆರಡಕ್ಕೆ ಬೇಕು, ಕೈಟಿನ್‌ಗೆ ಬೇಡ.

ಮೂರೂ ಸೊನ್ನೆ ಎಂದರೆ ಹಜಾರದಲ್ಲೇ ತೊಂದರೆ, ಆರ್‌ಬಿಒಎಚ್‌ಡಿ ಕಡೆ ನೋಡಿ, ಇಲ್ಲವೇ ಗಿಡದ ಆರೋಗ್ಯವನ್ನೇ ಮತ್ತೊಮ್ಮೆ ನೋಡಿ. ಕೈಟಿನ್ ಬೆಳಗಿ ಉಳಿದೆರಡು ಮಂಕಾದರೆ ಬಿಎಕೆ1 ಮೇಲೆ ಅನುಮಾನ. ಇಲ್ಲೊಂದು ಎಚ್ಚರ: ಬಿಎಕೆ1ಗೆ ಅಣ್ಣತಮ್ಮಂದಿರಿದ್ದಾರೆ, ಅದಿಲ್ಲದಾಗ ಅವರು ಒಂದಿಷ್ಟು ಕೆಲಸ ನಡೆಸುತ್ತಾರೆ. ಹಾಗಾಗಿ ಬಿಎಕೆ1-4 ಎಂಬ ವಿಕೃತ ಗಿಡದಲ್ಲಿ (ಬಿಎಕೆ1 ಜೀನು ಕೆಟ್ಟಿರುವ ಗಿಡ) ಗೆರೆ ಪೂರ್ತಿ ಸಾಯುವುದಿಲ್ಲ, ತಡವಾಗಿ, ತಗ್ಗಾಗಿ ಏಳುತ್ತದೆ. ಎಫ್‌ಎಲ್‌ಜಿ22 ಒಂದೇ ಸೊನ್ನೆಯಾಗಿ ಉಳಿದೆರಡು ಬೆಳಗಿದರೆ ಉಳಿಯುವುದು ಮೂರೇ ಕಾರಣ: ಪೆಪ್ಟೈಡು, ಮೇಲೆ ಹೇಳಿದ ರಾತ್ರಿಯ ಕಿವುಡು, ಇಲ್ಲವೇ ಎಫ್‌ಎಲ್‌ಎಸ್2.

ಪೆಪ್ಟೈಡಿನ ಸರದಿ ಈಗ ಬಂತು. ತೀರಾ ತೆಳು ಮಾಡಿದ ಪೆಪ್ಟೈಡ್ ಪ್ಲಾಸ್ಟಿಕ್ ಗೋಡೆಗೆ ಅಂಟಿಕೊಂಡು ಕಡಿಮೆಯಾಗುತ್ತದೆ, ಆದ್ದರಿಂದ ತೆಳು ದ್ರಾವಣವನ್ನು ಅಂದಂದೇ ಮಾಡಿ. ಅದು ಜೀವಂತವಾಗಿದೆಯೇ ಎಂದು ತಿಳಿಯಲು ನಿಕೋಟಿಯಾನಾ ಬೆಂಥಾಮಿಯಾನಾ ಎಲೆಯ ಮೇಲೆ ಹಾಕಿ ನೋಡಿ. ನಮ್ಮ ಹುಣಸೂರು ತಂಬಾಕಿನ ಆಸ್ಟ್ರೇಲಿಯಾದ ದಾಯಾದಿ ಇದು, ಎಫ್‌ಎಲ್‌ಜಿ22ಗೆ ಚೆನ್ನಾಗಿ ಬೆಳಗುತ್ತದೆ. ಆದರೆ ಇದೇ ಗಿಡದ ಮೇಲೆ ಇಎಲ್‌ಎಫ್18 ಹಾಕಿ "ಇದೂ ಹಾಳು" ಎನ್ನಬೇಡಿ. ಇಎಫ್‌ಆರ್ ಗ್ರಾಹಕ ಇರುವುದು ಸಾಸಿವೆ ಕುಟುಂಬಕ್ಕೆ ಮಾತ್ರ; ತಂಬಾಕು, ಟೊಮೆಟೊ ಬಳಗಕ್ಕೆ ಆ ಬಾಗಿಲೇ ಇಲ್ಲ.

ಮೂರು ವಾರ ತಿಂದ ಟ್ಯೂಬು

ಒಮ್ಮೆ ಹೊಸ ಹುಡುಗಿಯೊಬ್ಬಳು ಒಂದು ವಿಕೃತ ಗಿಡ ಮತ್ತು ಅದರ ಜೊತೆಯ ಸಹಜ ಗಿಡ ಬೆಳೆಸಿದ್ದಳು. ಬೀಜ ಬೇರೆ ಕಡೆಯಿಂದ ಬಂದದ್ದು. ವಿಕೃತ ಗಿಡ ಎಫ್‌ಎಲ್‌ಜಿ22ಗೆ ಸೊನ್ನೆ. ಎಲ್ಲರಿಗೂ ಖುಷಿ, ಹೊಸ ಜೀನ್ ಸಿಕ್ಕಿತೆಂದು. ಸಹಜ ಗಿಡವೂ ಸೊನ್ನೆ ಎಂದಾಗ ಖುಷಿ ಇಳಿದು ಪರೀಕ್ಷೆಯೇ ಸರಿಯಿಲ್ಲ ಎಂಬ ತೀರ್ಮಾನವಾಯಿತು. ಒಂದು ವಾರ ಹೊಸ ಲ್ಯುಮಿನಾಲ್, ಇನ್ನೊಂದು ವಾರ ಹೊಸ ಪೆಪ್ಟೈಡ್. ಮೂರನೆಯ ವಾರ ಅವಳು ಮೂರು ಬಾಗಿಲ ಪರೀಕ್ಷೆ ಮಾಡಿ ಕಾಗದ ತಂದು ಟೇಬಲ್ ಮೇಲಿಟ್ಟಳು.

"ಅಕ್ಕಾ, ಇಎಲ್‌ಎಫ್ ಚೆನ್ನಾಗಿದೆ. ಕೈಟಿನ್ನೂ ಇದೆ. ಇದೊಂದೇ ಯಾಕೆ?"

"ಬೆಂಥಾಮಿಯಾನಾ ಮೇಲೆ ಹಾಕಿದ್ಯಾ?"

"ಹೂಂ. ಅಲ್ಲಿ ಬೆಳಗ್ತಿದೆ."

"ಟ್ಯೂಬ್ ತಗೊಂಬಾ."

ಟ್ಯೂಬಿನ ಮುಚ್ಚಳದ ಮೇಲೆ "ಡಬ್ಲ್ಯೂಟಿ" ಎಂದಿತ್ತು, ಸಹಜ ಗಿಡ ಎಂಬರ್ಥದಲ್ಲಿ. ಯಾವ ಊರ ಸಹಜ ಎಂದಿರಲಿಲ್ಲ. ನಾವೆಲ್ಲ ಕೊಲಂಬಿಯಾ ಎಂಬ ಅರಬಿಡಾಪ್ಸಿಸ್ ತಳಿ ಎಂದುಕೊಂಡಿದ್ದೆವು, ಏಕೆಂದರೆ ನಮ್ಮ ಕಪಾಟಿನಲ್ಲಿರುವುದು ಅದೇ. ತಳಿ ಯಾವುದೆಂದು ಹೇಳುವ ಡಿಎನ್‌ಎ ಗುರುತುಗಳನ್ನು ಪಿಸಿಆರ್‌ನಲ್ಲಿ ಹಾಕಿ ನೋಡಿದರೆ ಅದು ವಾಸಿಲೆವ್‌ಸ್ಕಿಯಾ, ಅಂದರೆ ಡಬ್ಲ್ಯೂಎಸ್-0. ಕೆಲಸ ಮಾಡುವ ಎಫ್‌ಎಲ್‌ಎಸ್2 ಹುಟ್ಟಾ ಇಲ್ಲದ ಅರಬಿಡಾಪ್ಸಿಸ್ ಅದು. ಎಫ್‌ಎಲ್‌ಎಸ್2 ಹುಡುಕಾಟದ ಕಾಲದಿಂದಲೂ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ವಿಕೃತ ಗಿಡದ ಕಿವುಡಿಗೂ ಅದರ ವಿಕೃತಿಗೂ ಸಂಬಂಧವೇ ಇರಲಿಲ್ಲ, ಮನೆತನದಿಂದಲೇ ಬಂದದ್ದು. ಪರೀಕ್ಷೆ ಮೊದಲ ದಿನವೇ ನಿಜ ಹೇಳಿತ್ತು.

ಆಮೇಲಿಂದ ಪ್ರತಿ ಪ್ಲೇಟಿನಲ್ಲೂ ನಮ್ಮದೇ ಕೊಲಂಬಿಯಾ, ಎಫ್‌ಎಲ್‌ಎಸ್2 ಇಲ್ಲದ ಗಿಡ, ಆರ್‌ಬಿಒಎಚ್‌ಡಿ ಇಲ್ಲದ ಗಿಡ ಮೂರೂ ಇರಲೇಬೇಕು. ಗುಂಡಿ ದಂಡ ಎಂದು ಗೊಣಗುವವರು ಗೊಣಗಲಿ.

ಹೆಸರಿನ ಚೀಟಿ ಕೈಕೊಡುವುದು ಚಿಕ್ಕ ಲ್ಯಾಬಿಗಷ್ಟೇ ಅಲ್ಲ. ಭತ್ತದ ದುಂಡಾಣು ಅಂಗಮಾರಿ ರೋಗವನ್ನು ತಡೆಯುವ ಎಕ್ಸ್‌ಎ21 ಗ್ರಾಹಕದ ಜೀನನ್ನು 1995ರಲ್ಲಿ ಕ್ಯಾಲಿಫೋರ್ನಿಯಾದ ಪಮೇಲಾ ರೊನಾಲ್ಡ್ ಅವರ ತಂಡ ಪ್ರಕಟಿಸಿತು. ಹೈದರಾಬಾದಿನಲ್ಲಿ ಸಾಂಬಾ ಮಸೂರಿಗೆ ಸೇರಿಸಿದ ಮೂರು ಜೀನ್‌ಗಳಲ್ಲಿ ಒಂದು ಇದೇ. ಆ ಗ್ರಾಹಕ ಯಾವ ಬ್ಯಾಕ್ಟೀರಿಯಾ ತುಂಡನ್ನು ಹಿಡಿಯುತ್ತದೆ ಎಂದು 2009ರಲ್ಲಿ ಅವರು ಪ್ರಕಟಿಸಿದ ಉತ್ತರವನ್ನು 2013ರಲ್ಲಿ ಅವರೇ ಹಿಂತೆಗೆದುಕೊಂಡರು. ಲ್ಯಾಬಿಗೆ ಹೊಸದಾಗಿ ಬಂದವರಿಗೆ ಫಲಿತಾಂಶ ಮರಳಿ ಬರಲಿಲ್ಲ, ಹುಡುಕಿದರೆ ಬ್ಯಾಕ್ಟೀರಿಯಾ ತಳಿಗಳ ಹೆಸರು ಅದಲುಬದಲಾಗಿತ್ತು. ಮತ್ತೆ ಮೊದಲಿನಿಂದ ಹುಡುಕಿ 2015ರಲ್ಲಿ ರಾಕ್ಸ್‌ಎಕ್ಸ್ ಎಂಬ ಬೇರೆ ಪ್ರೋಟೀನನ್ನು ತೋರಿಸಿದರು. ತಪ್ಪನ್ನು ಬಹಿರಂಗವಾಗಿ ಒಪ್ಪಿ ತಿದ್ದಿಕೊಂಡದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಉಲ್ಟಾ ದೋಷ: ಎಲ್ಲವೂ ಬೆಳಗುತ್ತಿದೆ

ನೀರಿನ ಗುಂಡಿಯೂ ಬೆಳಗಿದರೆ ಬಿಲ್ಲೆ ಈಗಷ್ಟೇ ಕುಯ್ದದ್ದು, ಇಲ್ಲವೇ ಜಜ್ಜಿದ್ದು. ಎಫ್‌ಎಲ್‌ಎಸ್2 ಇಲ್ಲದ ಗಿಡ ಎಫ್‌ಎಲ್‌ಜಿ22ಗೆ ಬೆಳಗಿದರೆ ಪೆಪ್ಟೈಡಿನಲ್ಲಿ ಇನ್ನೇನೋ ಬೆರೆತಿದೆ. ಬ್ಯಾಕ್ಟೀರಿಯಾದಿಂದ ತೆಗೆದ ಸ್ವಂತ ತಯಾರಿಕೆಯ ಸಾರದಲ್ಲಂತೂ ಇದು ಸಾಮಾನ್ಯ. ಸಾಲಿನ ಮೊದಲ ಗುಂಡಿಗೂ ಕೊನೆಯ ಗುಂಡಿಗೂ ಗುಡ್ಡ ಸರಿದಂತೆ ಕಂಡರೆ ಪಿಪೆಟ್ ಹಿಡಿದ ಕೈ ನಿಧಾನ, ಅಷ್ಟೇ.

ಕೋಶದೊಳಗಿನ ಗ್ರಾಹಕ ಸುಮ್ಮನಿದ್ದರೆ

ಇಷ್ಟು ಹೊತ್ತು ಹೊರಬಾಗಿಲ ಮಾತು. ಬ್ಯಾಕ್ಟೀರಿಯಾ, ವೈರಸ್‌ಗಳು ಕೋಶದೊಳಕ್ಕೆ ಸಾಗಿಸುವ ಪ್ರೋಟೀನುಗಳನ್ನು ಹಿಡಿಯುವುದು ಎನ್‌ಎಲ್‌ಆರ್ ಎಂಬ ಒಳಗಿನ ಗ್ರಾಹಕಗಳು. ಇವು ಎದ್ದರೆ ಅಲ್ಲಿನ ಕೋಶಗಳು ತಾವೇ ಸತ್ತು ರೋಗಾಣುವಿನ ದಾರಿ ಮುಚ್ಚುತ್ತವೆ. ಇಲ್ಲಿ ಪರೀಕ್ಷೆ ಬೇರೆ: ಗ್ರಾಹಕದ ಜೀನನ್ನೂ ರೋಗಾಣುವಿನ ಪ್ರೋಟೀನಿನ ಜೀನನ್ನೂ ಗಿಡದೊಳಕ್ಕೆ ಜೀನ್ ಸಾಗಿಸುವ ಅಗ್ರೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾದಲ್ಲಿಟ್ಟು, ಸೂಜಿಯಿಲ್ಲದ ಸಿರಿಂಜಿನಿಂದ ಬೆಂಥಾಮಿಯಾನಾ ಎಲೆಯ ಅಡಿಗೆ ಒತ್ತುತ್ತೇವೆ. ಒಂದರಿಂದ ಮೂರು ದಿನದಲ್ಲಿ ಆ ಜಾಗ ಬಾಡಿ ಕಂದಬೇಕು.

ಕಂದದಿದ್ದರೆ ಇಲ್ಲೂ ಹಿಂದಿನಿಂದಲೇ ಬನ್ನಿ. ಮೇಲಿನ ಪೆರಾಕ್ಸೈಡ್ ಪರೀಕ್ಷೆಗೆ ಸಮನಾದದ್ದು ಇಲ್ಲೂ ಇದೆ. ಅನೇಕ ಎನ್‌ಎಲ್‌ಆರ್‌ಗಳಲ್ಲಿ ಎಂಎಚ್‌ಡಿ ಎಂಬ ಮೂರಕ್ಷರದ (ಅಕ್ಷರಕ್ಕೊಂದು ಅಮೈನೊ ಆಮ್ಲ) ಜಾಗವಿದೆ, ಅಲ್ಲಿನ ಡಿ ಬದಲಿಸಿದರೆ ಗ್ರಾಹಕ ಯಾರೂ ತಟ್ಟದೆ ತಾನೇ ಎದ್ದುಬಿಡುತ್ತದೆ. ಈ ರೂಪ ಎಲೆಯನ್ನು ಕೊಂದರೆ ಮುಂದಿನ ದಾರಿಯೆಲ್ಲ ಸರಿ, ದೋಷ ಗುರುತಿಸುವ ಕಡೆ ಇದೆ. ಅದೂ ಕೊಲ್ಲದಿದ್ದರೆ ಪ್ರೋಟೀನೇ ತಯಾರಾಗಿಲ್ಲ, ಇಲ್ಲವೇ ಅದಕ್ಕೆ ಬೇಕಾದ ಸಹಾಯಕ ಆ ಗಿಡದಲ್ಲಿಲ್ಲ. ಟೊಮೆಟೊ, ಆಲೂಗಡ್ಡೆ ಬಳಗದ ಅನೇಕ ಗ್ರಾಹಕಗಳಿಗೆ ಎನ್‌ಆರ್‌ಸಿ ಎಂಬ ಸಹಾಯಕ ಎನ್‌ಎಲ್‌ಆರ್‌ಗಳು ಬೇಕೇ ಬೇಕು. ಇನ್ನು ಕೆಲವಕ್ಕೆ ಸಹಾಯಕರ ಹಂಗಿಲ್ಲ: ಅರಬಿಡಾಪ್ಸಿಸ್‌ನ ಜಡ್‌ಎಆರ್1 ಐದೈದಾಗಿ ಚಕ್ರದಂತೆ ಕೂಡುವುದನ್ನು 2019ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಆ ಚಕ್ರ ಪೊರೆಯಲ್ಲಿ ತೂತಾಗಿ ಕ್ಯಾಲ್ಸಿಯಂ ಒಳಬಿಡುತ್ತದೆ ಎಂಬುದು 2021ರಲ್ಲಿ ತಿಳಿಯಿತು.

ಇಷ್ಟೆಲ್ಲ ಹೇಳಿ, ನಮ್ಮಲ್ಲಿ ಅತಿ ಹೆಚ್ಚು ಸಲ ಸಿಕ್ಕಿಬಿದ್ದ ಕಳ್ಳನನ್ನು ಬಿಟ್ಟರೆ ತಪ್ಪಾಗುತ್ತದೆ. ಸೆಕೆ. ತಂಬಾಕಿನ ಎನ್ ಎಂಬ ಎನ್‌ಎಲ್‌ಆರ್ ಜೀನ್ ಟೊಬ್ಯಾಕೊ ಮೊಸಾಯಿಕ್ ವೈರಸ್ಸನ್ನು ತಡೆಯುವುದು ತಂಪಿನಲ್ಲಿ ಮಾತ್ರ. 28 ಡಿಗ್ರಿ ದಾಟಿದರೆ ಅದು ಕೈಚೆಲ್ಲುತ್ತದೆ, ವೈರಸ್ ಗಿಡವೆಲ್ಲ ಹರಡುತ್ತದೆ. ಟೊಮೆಟೊದ ಎಂಐ-1 ಜೀನಿಗೂ ಅದೇ ಚಾಳಿ: ಮಣ್ಣು 28 ಡಿಗ್ರಿ ಮೀರಿದರೆ ಬೇರುಗಂಟು ಜಂತುಹುಳುವಿನ ಮುಂದೆ ಸೋಲುತ್ತದೆ. ನಿರೋಧಕ ತಳಿಯ ಬೀಜ ಕೊಂಡು ಬೇಸಿಗೆಯಲ್ಲಿ ನಾಟಿ ಮಾಡಿ, ಕಿತ್ತಾಗ ಬೇರಲ್ಲಿ ಗಂಟು ಕಂಡ ರೈತರು ಬೀಜದವರನ್ನು ಬೈಯುವ ಮೊದಲು ಇದನ್ನೂ ನೆನೆಯಬೇಕು.

ನಮ್ಮಲ್ಲಿ ಎನ್ ಜೀನ್ ಪರೀಕ್ಷೆ ಸತತ ಎರಡು ಸೋಮವಾರ ಸೊನ್ನೆಯಾಯಿತು. ಶುಕ್ರವಾರ ಸಂಜೆ ಒತ್ತಿ ಹೋದ ಎಲೆ ಸೋಮವಾರ ಹಸಿರಾಗಿ ನಗುತ್ತಿತ್ತು. ಜೀನ್ ಮತ್ತೆ ಓದಿಸಿದೆವು, ಅಗ್ರೊಬ್ಯಾಕ್ಟೀರಿಯಂ ಮತ್ತೆ ಮಾಡಿದೆವು. ಕೊನೆಗೆ ವಾಚ್‌ಮನ್ ಅಣ್ಣ ಮಾತಿನ ನಡುವೆ ಹೇಳಿದರು: ಶನಿವಾರ ರಾತ್ರಿ ಕರೆಂಟ್ ಹೋಗಿ ಬಂದಾಗ ದೀಪ ತಾನೇ ಹೊತ್ತುತ್ತದೆ, ಏಸಿ ಮಾತ್ರ ಯಾರಾದರೂ ಒತ್ತುವ ತನಕ ಹೊತ್ತುವುದಿಲ್ಲ. ಭಾನುವಾರವಿಡೀ ದೀಪದ ಬಿಸಿಗೆ ಆ ಕೋಣೆ ಒಲೆಯಾಗಿರುತ್ತಿತ್ತು, ಸೋಮವಾರ ಬೆಳಗ್ಗೆ ಮೊದಲು ಬಂದವರು ಏಸಿ ಹಾಕಿ ತಂಪು ಮಾಡಿಬಿಡುತ್ತಿದ್ದರು.

ಈಗ ಅಲ್ಲಿ ಗರಿಷ್ಠ, ಕನಿಷ್ಠ ಎರಡನ್ನೂ ಹಿಡಿದಿಡುವ ಥರ್ಮಾಮೀಟರ್ ನೇತುಹಾಕಿದ್ದೇವೆ. ಸೋಮವಾರ ಎಲೆ ನೋಡುವ ಮೊದಲು ಅದನ್ನು ಓದಿ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಬರೆದ ಮೇಲೆ ಮುಂದಿನ ವಾರಕ್ಕೆ ಬಟನ್ ಒತ್ತಿ ಅಳಿಸಲು ಮರೆಯಬೇಡಿ.